ದಪ್ಪ ಫಾಂಟಿನ ಶೀರ್ಷಿಕೆ: ಒತ್ತು ಕೆಳಸಾಲಿಗೆ ತಗಲುತ್ತಿದೆ, ಭ ಹೋಗಿ ಬ ಆಗುತ್ತಿದೆ

ಪ್ರಶ್ನೆ | ಬಣ್ಣದಡಬ್ಬಿ
6×3 ಅಡಿ ಫ್ಲೆಕ್ಸ್. ಇಲ್ಲಸ್ಟ್ರೇಟರ್‌ನಲ್ಲಿ ಹತ್ತನೇ ಒಂದರ ಅಳತೆಗೆ ಮಾಡುತ್ತಿದ್ದೇನೆ. ಮೇಲಿನ ಸಾಲು ‘ಕನ್ನಡ ರಾಜ್ಯೋತ್ಸವ’, ಕೆಳಗೆ ‘ಭಾವಗೀತ ಸಂಧ್ಯೆ’. ಫಾಂಟ್ ಬಾಲೂ ತಮ್ಮ 2, ಎಕ್ಸ್‌ಟ್ರಾ ಬೋಲ್ಡ್, 60 ಪಾಯಿಂಟ್. ಮೇಲಿನ ಒತ್ತುಗಳು ಕೆಳಗಿನ ‘ಗೀ’ಗೆ ತಗಲುತ್ತಿವೆ. ಇನ್ನಷ್ಟು ದಪ್ಪ ಕಾಣಲೆಂದು ಅದೇ ಬಣ್ಣದ 3 ಪಾಯಿಂಟ್ ಸ್ಟ್ರೋಕ್ (ಅಕ್ಷರದ ಅಂಚಿನ ಗೆರೆ) ಕೊಟ್ಟರೆ ಭ, ಧ ಎರಡೂ ಕೆಡುತ್ತವೆ. ಏನು ಮಾಡಲಿ?

ಉತ್ತರ 1 | ಒತ್ತಕ್ಷರ
ಆಟೋ ಲೀಡಿಂಗ್ (ತಾನಾಗಿ ಬರುವ ಸಾಲಿನ ಅಂತರ) ಅಕ್ಷರದ ಗಾತ್ರದ 120%, ಅಂದರೆ 60ಕ್ಕೆ 72. ಇಂಗ್ಲಿಷಿಗೆ ಅದು ಸಾಕು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಎರಡಕ್ಕೂ ಜಾಗ ಬೇಕು. 84ರಿಂದ ಶುರು ಮಾಡಿ, 90ರವರೆಗೆ ಹೋಗಬಹುದು. ಸಾಲುಗಳು ತೀರಾ ದೂರವಾದವು ಅನ್ನಿಸಿದರೆ ಲೀಡಿಂಗ್ ಕಡಿಮೆ ಮಾಡಿ, ಕೆಳಸಾಲನ್ನು ಅಡ್ಡಕ್ಕೆ ಸರಿಸಿ. ‘ಜ್ಯೋ’, ‘ತ್ಸ’ಗಳ ಕೆಳಗೆ ‘ಗೀ’ ಬರದೆ ‘ವ’, ‘ತ’ದಂಥ ಗಿಡ್ಡ ಅಕ್ಷರ ಬಂದರೆ ಸಾಕು. ಎರಡೂ ಸಾಲು ನಡುವಿಗೇ ನಿಲ್ಲಬೇಕೆಂಬ ನಿಯಮವೇನೂ ಇಲ್ಲ.

ಉತ್ತರ 2 | ಮಸಿಕುಡಿಕೆ
ಸ್ಟ್ರೋಕ್ ತೆಗೆದುಬಿಡಿ. ಅದು ಅಂಚಿನ ಎರಡೂ ಕಡೆ ಹರಡುತ್ತದೆ. 3 ಪಾಯಿಂಟ್ ಕೊಟ್ಟರೆ ಹೊರಕ್ಕೆ ಒಂದೂವರೆ. ಭ, ಧಗಳ ಕೆಳಗಿನ ಹೊಟ್ಟೆಸೀಳಿಗೆ ಎರಡು ದಡದಿಂದಲೂ ಅಷ್ಟಷ್ಟು ನುಗ್ಗಿದರೆ ಸೀಳು ಮುಚ್ಚಿ ಭ ಹೋಗಿ ಬ, ಧ ಹೋಗಿ ದ. ಫೋಟೋಶಾಪ್‌ನ ಕೃತಕ ದಪ್ಪ ಕೊಡುವ ಫೋ ಬೋಲ್ಡ್‌ನದೂ ಇದೇ ಗೋಳು. ಬಾಲೂ ತಮ್ಮ 2ರ ತೂಕ (ದಪ್ಪದ ಅಳತೆ) 800ಕ್ಕೆ ಮುಗಿಯುತ್ತದೆ. ಇನ್ನೂ ದಪ್ಪ ಬೇಕೇಬೇಕಾದರೆ ನೋಟೋ ಸಾನ್ಸ್ ಕನ್ನಡದ ಬ್ಲ್ಯಾಕ್, 900.

ಹೊರರೇಖೆ ಬೇಕಿದ್ದರೆ ಅಕ್ಷರಕ್ಕಿಂತ ಬೇರೆ ಬಣ್ಣದಲ್ಲಿ ಕೊಡಿ: ಅಪಿಯರೆನ್ಸ್ ಪ್ಯಾನೆಲ್‌ನಲ್ಲಿ ಹೊಸ ಸ್ಟ್ರೋಕ್ ಸೇರಿಸಿ, ಅದನ್ನು ‘ಕ್ಯಾರೆಕ್ಟರ್ಸ್’ ಸಾಲಿನ ಕೆಳಕ್ಕೆ ಎಳೆಯಿರಿ. ಆಗ ಅಕ್ಷರದ ಮೈ ಸವೆಯುವುದಿಲ್ಲ, ಸೀಳು ಇನ್ನೊಂದು ಬಣ್ಣದಲ್ಲಿ ಉಳಿಯುತ್ತದೆ. ಕೋರೆಲ್‌ಡ್ರಾದಲ್ಲಿ ಔಟ್‌ಲೈನ್ ಪೆನ್‌ನೊಳಗಿನ ‘ಬಿಹೈಂಡ್ ಫಿಲ್’ ಟಿಕ್ ಮಾಡಿದರೆ ಇದೇ ಕೆಲಸ.

ಬಣ್ಣದಡಬ್ಬಿ
90 ಕೊಟ್ಟೆ, ಒತ್ತು ಬಿಟ್ಟಿತು. ಈಗ ಮೇಲಿನ ಸಾಲು ಅಗಲಕ್ಕೆ ಹಿಡಿಸುತ್ತಿಲ್ಲ. 85%ಗೆ ಹಿಂಡಲೇ?

ಉತ್ತರ 3 | ಅಡ್ಡಗೆರೆ
ಬೇಡ. ಹಿಂಡಿದರೆ ನಿಂತ ಗೆರೆಗಳು ಮಾತ್ರ ಸಣ್ಣಗಾಗಿ ಅಡ್ಡಗೆರೆಗಳು ದಪ್ಪ ಉಳಿಯುತ್ತವೆ, ಕನ್ನಡದ ದುಂಡು ಮೊಟ್ಟೆಯಾಗುತ್ತದೆ. ಅನೇಕ್ ಕನ್ನಡ ವೇರಿಯಬಲ್ ಫಾಂಟ್ ಹಾಕಿ ನೋಡಿ: ಅಗಲವನ್ನು 75ರಿಂದ 125ರವರೆಗೆ, ತೂಕವನ್ನು 100ರಿಂದ 800ರವರೆಗೆ ಹೊಂದಿಸಬಹುದು. ಅಗಲ 85ಕ್ಕೆ ಇಟ್ಟರೆ ಗೆರೆಗಳ ದಪ್ಪ ಹದ ತಪ್ಪುವುದಿಲ್ಲ. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಸೊನ್ನೆಯಲ್ಲೇ ಇರಲಿ.

ದಿನಾಂಕ, ಸ್ಥಳಕ್ಕೆ ದಪ್ಪ ಬೇಡ, ಮೀಡಿಯಂ ಸಾಕು. ಎಲ್ಲವೂ ಕೂಗಿದರೆ ಯಾವುದೂ ಕೇಳಿಸದು. ಗಾತ್ರಕ್ಕೆ ಬೋರ್ಡ್ ಬರೆಯುವವರ ಲೆಕ್ಕ: 10 ಅಡಿ ದೂರಕ್ಕೆ 1 ಇಂಚು ಎತ್ತರ. ಒತ್ತು, ಗುಡಿಸು ಬಿಟ್ಟು ಬರೀ ‘ಕ’ದ ಎತ್ತರ ಅಳೆಯಿರಿ.

ಉತ್ತರ 2 | ಮಸಿಕುಡಿಕೆ
ಪ್ರೆಸ್ಸಿಗೆ ಕಳಿಸುವಾಗ ಅಕ್ಷರಗಳನ್ನು ಆಕಾರಗಳಾಗಿಸುವ ಕ್ರಿಯೇಟ್ ಔಟ್‌ಲೈನ್ಸ್ ಮರೆಯಬೇಡಿ, ತಿದ್ದಲು ಬರುವ ಪ್ರತಿ ನಿಮ್ಮ ಹತ್ತಿರ ಇರಲಿ. ಪ್ರೆಸ್ಸಿನಲ್ಲಿ ನುಡಿ ತಂತ್ರಾಂಶದ ಹಳೇ ಆಸ್ಕಿ ಸಂಕೇತದಲ್ಲಿ ತಿದ್ದಿ ಕೊಟ್ಟರೆ ಯೂನಿಕೋಡಿಗೆ ಬದಲಿಸಿಯೇ ಅಂಟಿಸಿ. ಇಲ್ಲದಿದ್ದರೆ ಈ ಫಾಂಟುಗಳಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.