‘ಮಿಸ್ಸಿಂಗ್: ದಿ ಅದರ್ ಸೈಡ್’ ಕುರಿತು: ಶವ ಸಿಗುವವರೆಗೆ ಆತ್ಮ ಕಾಯಬೇಕೆಂಬುದು ಕೊರಿಯಾದ ನಂಬಿಕೆಯೇ, ಕಥೆಗಾರರ ಕಲ್ಪನೆಯೇ?

ಬೈತಖೋಲದವ, ಕಾರವಾರ

ಮಾನ್ಯರೇ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ, ದೋಣಿ ನಡೆಸುವ ತಾಂಡೇಲರಾಗಿರುವ ನನ್ನ ತಂದೆಯವರು ಈ ಎರಡು ತಿಂಗಳು ಮನೆಯಲ್ಲಿಯೇ ಇರುತ್ತಾರೆ. ಈ ಸಲ ಮಳೆಯ ರಾತ್ರಿಗಳಲ್ಲಿ ಅವರೊಂದಿಗೆ ಕುಳಿತು 2020ರಲ್ಲಿ ಕೊರಿಯಾದ ಒಸಿಎನ್ ವಾಹಿನಿಯಲ್ಲಿ ಪ್ರಸಾರವಾದ ಈ ಧಾರಾವಾಹಿಯ ಮೊದಲ ಭಾಗದ 12 ಕಂತುಗಳನ್ನೂ ನೋಡಿ ಮುಗಿಸಿದೆ. ದೆವ್ವದ ಕಥೆಯೆಂದು ಮೂಗು ಮುರಿದಿದ್ದ ತಂದೆಯವರು ಮೂರನೆಯ ಕಂತಿನಿಂದ ಊಟದ ತಟ್ಟೆಯನ್ನು ಟಿ.ವಿ.ಯ ಮುಂದೆಯೇ ತರಿಸಿಕೊಳ್ಳತೊಡಗಿದರು. ಅಡಿಬರಹಗಳನ್ನು ಓದಿ ಹೇಳುವ ಕೆಲಸ ನನ್ನದಾಯಿತು.

ನೋಡದವರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಜನರನ್ನು ವಂಚಿಸಿ ಬದುಕುವ ಕಿಮ್ ವೂಕ್ (ನಟ ಗೋ ಸೂ) ತನ್ನನ್ನು ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಬೆಟ್ಟದ ಅಂಚಿನಿಂದ ಬಿದ್ದು, ಕಾಡಿನೊಳಗಿನ ದುಓನ್ ಎಂಬ ಹಳ್ಳಿಯನ್ನು ಸೇರುತ್ತಾನೆ. ಅಲ್ಲಿರುವವರೆಲ್ಲ ಕಾಣೆಯಾಗಿ ಸತ್ತವರು. ಶವ ಪತ್ತೆಯಾಗುವವರೆಗೆ ಅವರಿಗೆ ಆ ಊರಿನಿಂದ ಬಿಡುಗಡೆಯಿಲ್ಲ. ಅವರನ್ನು ಕಾಣಬಲ್ಲ ಇನ್ನೊಬ್ಬ ಜೀವಂತ ಮನುಷ್ಯ ಜಾಂಗ್ ಪಾನ್-ಸಕ್ (ಹ ಜೂನ್-ಹೊ), ಕಳೆದುಹೋದ ತನ್ನ ಮಗಳನ್ನು ಅರಸುತ್ತಲೇ ಆ ಊರಿನವರ ಶವಗಳನ್ನು ಹುಡುಕುತ್ತಿರುತ್ತಾನೆ.

ಈ ನಿಯಮ ಕೊರಿಯಾದ ಜನರ ನಂಬಿಕೆಯಿಂದ ಬಂದದ್ದೇ ಅಥವಾ ಬರಹಗಾರರು ಕಟ್ಟಿದ್ದೇ ಎಂಬುದು ನನ್ನ ಪ್ರಶ್ನೆ. ಕೊನೆಯ ಕಂತು ಮುಗಿದಾಗ ತಂದೆಯವರು ಕೇಳಿದ ಪ್ರಶ್ನೆ ಬೇರೆ: “ಹೂತಿಟ್ಟ ಹೆಣ ಎಂದಾದರೂ ಸಿಕ್ಕೀತು. ಕಡಲಿಗೆ ಹೋದವನು ಆ ಊರಿನಲ್ಲಿ ಎಷ್ಟು ಕಾಲ ಇರಬೇಕು?” ನನ್ನಲ್ಲಿ ಉತ್ತರವಿರಲಿಲ್ಲ.

ಮುತ್ತುಗದೆಲೆ, ಶಿರಸಿ

ಮೊದಲ ಪ್ರಶ್ನೆಗೆ ನನ್ನ ಉತ್ತರ: ಬೇರು ಹಳೆಯದು, ಊರು ಹೊಸದು. ಅನ್ಯಾಯವಾಗಿ ಸತ್ತವರ ಆತ್ಮವನ್ನು ಕೊರಿಯನ್ನರು ‘ವೊನ್‌ಹೊನ್’ ಎನ್ನುತ್ತಾರೆ. ಅದು ಅಲೆಯುವುದು ಹೆದರಿಸಲಿಕ್ಕಲ್ಲ, ದೂರು ಕೊಡಲಿಕ್ಕೆ. ಮಿರ್ಯಾಂಗ್ ಪಟ್ಟಣದ ಅರಾಂಗ್ ಎಂಬ ಹೆಣ್ಣುಮಗಳ ಐತಿಹ್ಯ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಧಿಕಾರಿಯೊಬ್ಬನ ಮಗಳಾದ ಅವಳನ್ನು ಕೊಂದು ಬಿದಿರುಮೆಳೆಯಲ್ಲಿ ಬಚ್ಚಿಟ್ಟಿರುತ್ತಾರೆ. ತನ್ನ ಅಹವಾಲನ್ನು ಹೇಳಿಕೊಳ್ಳಲು ಅವಳು ಪ್ರತಿಯೊಬ್ಬ ಹೊಸ ಅಧಿಕಾರಿಯ ಮುಂದೆ ಬಂದು ನಿಂತರೆ, ಕೇಳುವ ಮೊದಲೇ ಅವರು ಹೆದರಿ ಸಾಯುತ್ತಾರೆ. ಕೊನೆಗೆ ಎದೆಗಾರನೊಬ್ಬ ಕುಳಿತು ಕೇಳುತ್ತಾನೆ, ಅಪರಾಧಿ ಸಿಕ್ಕಿಬೀಳುತ್ತಾನೆ, ಶವಕ್ಕೆ ಸಂಸ್ಕಾರವಾಗುತ್ತದೆ, ಅವಳು ಮತ್ತೆ ಕಾಣಿಸುವುದಿಲ್ಲ. ಮಿರ್ಯಾಂಗ್‌ನ ಯಂಗ್‌ನಮ್ನು ಮಂಟಪದ ಬಳಿ ಅವಳ ಗುಡಿ ಇಂದಿಗೂ ಇದೆ. ಪಾನ್-ಸಕ್ ಮಾಡುವುದೂ ಇದನ್ನೇ ಅಲ್ಲವೇ? ಹೆದರದೆ ಕುಳಿತು ಕೇಳುತ್ತಾನೆ, ಆಮೇಲೆ ಗುದ್ದಲಿ ಹಿಡಿದು ಹೊರಡುತ್ತಾನೆ. ಆದರೆ ಕಾಣೆಯಾದವರೆಲ್ಲ ಒಂದೇ ಊರಿನಲ್ಲಿ ಸಂಸಾರ ಹೂಡಿದಂತೆ ಇರುವುದು, ಶವ ಸಿಕ್ಕ ಕ್ಷಣದಲ್ಲಿ ಮಾತಿನ ನಡುವೆಯೇ ಮಾಯವಾಗುವುದು, ಇವೆಲ್ಲ ಬರಹಗಾರರ ಕಟ್ಟೋಣವೆಂದೇ ನಾನು ತಿಳಿಯುತ್ತೇನೆ.

ತಮ್ಮ ತಂದೆಯವರ ಪ್ರಶ್ನೆ ಧಾರಾವಾಹಿಗಿಂತ ದೊಡ್ಡದು. ಆ ಕಥೆಯಲ್ಲಿ ಬಿಡುಗಡೆಗೆ ಇರುವುದು ಒಂದೇ ಬಾಗಿಲು, ಅದು ಶವ. ನಮ್ಮಲ್ಲಿ ಹಾಗಿಲ್ಲ. ದೇಹ ಸಿಗದಿದ್ದರೆ 360 ಮುತ್ತುಗದ ತೊಟ್ಟುಗಳನ್ನು ದರ್ಭೆಯೊಂದಿಗೆ ಮನುಷ್ಯಾಕಾರದಲ್ಲಿ ಜೋಡಿಸಿ ದಹಿಸುವ ಪಾಲಾಶವಿಧಿ ಇದೆ. ದೇಶಾಂತರ ಹೋಗಿ ಸುದ್ದಿಯೇ ಇಲ್ಲದವರಿಗಾಗಿ 12 ವರ್ಷ ಕಾದು ಹೀಗೆ ಮಾಡುವ ರೂಢಿಯಿದೆ. ಗೋಕರ್ಣಕ್ಕೆ ನಾರಾಯಣಬಲಿಗೆಂದು ಬರುವವರಲ್ಲಿಯೂ ಅಪಮೃತ್ಯುವಿಗೆ ಈಡಾದವರ ಮನೆಯವರು ಇರುತ್ತಾರೆ. ದೇಹ ಸಿಗದಿದ್ದರೆ ಕಾಯುತ್ತಿರುವವರು ತಮ್ಮ ಕೈಯಾರೆ ಒಂದು ದೇಹವನ್ನು ಮಾಡಿಕೊಳ್ಳಬಹುದು ಎಂದು ನಮ್ಮ ಹಿರಿಯರು ಒಪ್ಪಿದ್ದರು.

ಕೊರಿಯಾದ ಕರಾವಳಿಯವರಿಗೂ ಇಂಥ ದಾರಿಯಿದೆ ಎಂಬುದನ್ನು ತಮ್ಮ ತಂದೆಯವರಿಗೆ ತಿಳಿಸಿರಿ. ನೀರಿನಲ್ಲಿ ಸತ್ತವರ ಆತ್ಮವನ್ನು ಮೇಲೆತ್ತುವ ಆಚರಣೆಗೆ ‘ನೊಕ್‌ಗೊಂಜಿಗಿ ಗುತ್’ ಎಂದು ಹೆಸರು. ಅಕ್ಕಿ ತುಂಬಿದ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ನೀರಿಗೆ ಇಳಿಸಿ, ಪೂಜಾರಿಣಿಯ ಹಾಡಿನ ನಂತರ ಎಳೆದುಕೊಳ್ಳುತ್ತಾರೆ. ಅಕ್ಕಿಯಲ್ಲಿ ಕೂದಲೆಳೆ ಕಂಡರೆ ಆತ್ಮ ಬಂದಿತೆಂದು ನಂಬುತ್ತಾರೆ. ಧಾರಾವಾಹಿಯವರು ಇದನ್ನು ಬಿಟ್ಟು ಶವವೊಂದನ್ನೇ ಹಿಡಿದದ್ದು ಪತ್ತೇದಾರಿಗೆ ಅನುಕೂಲವಾಗಲೆಂದು. ಬಟ್ಟಲಿನಿಂದ ಕೊಲೆಗಾರ ಸಿಗುವುದಿಲ್ಲವಲ್ಲ.

ಅಘನಾಶಿನಿ ದಂಡೆ, ಕುಮಟಾ

ವಕೀಲರ ಬಳಿ ಗುಮಾಸ್ತನಾಗಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಕಾನೂನಿಗೂ ಶವವೊಂದೇ ಬಾಗಿಲಲ್ಲ. ಸುದ್ದಿ ತಿಳಿದಿರಬೇಕಾದವರಿಗೆ 7 ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಆ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತುಪಡಿಸಬೇಕೆಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಹಾಗೆಯೇ ಉಳಿದಿದೆ. ಕೊರಿಯಾದಲ್ಲಿ ಸಾಮಾನ್ಯವಾಗಿ 5 ವರ್ಷ, ಹಡಗು ಮುಳುಗಿದಂಥ ಅಪಾಯದಲ್ಲಿ 1 ವರ್ಷ ಕಳೆದರೆ ನ್ಯಾಯಾಲಯ ಕಾಣೆಯಾದವನನ್ನು ಮೃತನೆಂದು ಘೋಷಿಸಬಹುದು.

ಆದರೆ ಮನೆಯವರ ಲೆಕ್ಕ ಬೇರೆಯೇ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯೊಂದಿಗೆ ಏಳು ಮಂದಿ ಕಾಣೆಯಾದರು. ಅವರಲ್ಲಿ ಐವರು ನಮ್ಮ ಜಿಲ್ಲೆಯವರು. 2019ರ ಮೇ ತಿಂಗಳಿನಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಮುದ್ರದ ತಳದಲ್ಲಿ ದೋಣಿಯ ಅವಶೇಷವನ್ನು ಗುರುತಿಸಿದರು. ದೋಣಿ ಸಿಕ್ಕಿತು, ಜನ ಸಿಗಲಿಲ್ಲ. ಧಾರಾವಾಹಿಯಲ್ಲಿ ಪತ್ತೇದಾರ ಶಿನ್ ಜೂನ್-ಹೊ ತನ್ನ ಭಾವೀ ಪತ್ನಿಗಾಗಿ ಹುಡುಕುತ್ತಿದ್ದರೆ, ಅವಳು ದುಓನ್‌ನಲ್ಲಿ ಓಡಾಡುತ್ತಿರುವುದನ್ನು ನೋಡುಗರಾದ ನಾವು ಮೊದಲೇ ಅರಿತಿರುತ್ತೇವೆ. ಆ ದೃಶ್ಯಗಳನ್ನು ನಾನು ಒಂದೇ ಪಟ್ಟಿಗೆ ನೋಡಲಾಗದೆ ಎರಡು ಬಾರಿ ನಿಲ್ಲಿಸಿದ್ದೆ.

ಹೊನ್ನಾವರ ಓದುಗ

ಎಲ್ಲರೂ ಹೊಗಳುತ್ತಿರುವುದರಿಂದ ಒಂದು ಅಪಸ್ವರವೂ ಇರಲಿ. ಊರಿನೊಳಗಿನ ಭಾಗವೆಲ್ಲ ಅಚ್ಚುಕಟ್ಟಾಗಿದೆ, ಆದರೆ ಹೊರಗಿನ ದುಡ್ಡಿನವರ ಸಂಚು ಹತ್ತು ಧಾರಾವಾಹಿಗಳಲ್ಲಿ ನೋಡಿದ್ದೇ. ಎರಡನೆಯ ಭಾಗ ಟಿವಿಎನ್ ವಾಹಿನಿಯಲ್ಲಿ 2022ರ ಡಿಸೆಂಬರ್‌ನಿಂದ 14 ಕಂತುಗಳಲ್ಲಿ ಬಂದಿತು. ಅಲ್ಲಿ ಕಾಡಿನ ಹಳ್ಳಿಯ ಬದಲಿಗೆ ಕೈಗಾರಿಕಾ ಪ್ರದೇಶವಿದೆ, ಅದೇ ಜೋಡಿಯಿದೆ. ಮೊದಲ ಭಾಗದಲ್ಲಿ ಕೆಫೆ ನಡೆಸುವ ಟಾಮಸ್ ಯಾರು ಎಂಬುದನ್ನು ಮಾತ್ರ ದಯವಿಟ್ಟು ಯಾರೂ ಇಲ್ಲಿ ಬರೆಯಬೇಡಿರಿ, ನನ್ನ ತಂಗಿ ಇನ್ನೂ ಐದನೆಯ ಕಂತಿನಲ್ಲಿದ್ದಾಳೆ.

ಬೈತಖೋಲದವ, ಕಾರವಾರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಶಿರಸಿಯವರು ಬರೆದದ್ದನ್ನು ನಿನ್ನೆ ರಾತ್ರಿ ತಂದೆಯವರಿಗೆ ಓದಿ ಹೇಳಿದೆ. ಅರಾಂಗ್‌ಳ ಕಥೆಗೆ ತಲೆಯಾಡಿಸಿದರು, ಕಾನೂನಿನ ವರ್ಷಗಳ ಲೆಕ್ಕಕ್ಕೆ ಏನನ್ನೂ ಹೇಳಲಿಲ್ಲ. ಅಕ್ಕಿಯ ಬಟ್ಟಲಿನ ವಿಷಯ ಬಂದಾಗ ಬಲೆ ಹೆಣೆಯುತ್ತಿದ್ದ ಕೈ ನಿಲ್ಲಿಸಿ, ಅದನ್ನು ಎರಡನೆಯ ಸಲ ಓದಿಸಿದರು. ಅವರಿಗೆ ತಿಳಿಯಬೇಕಾಗಿರುವುದು ಇಷ್ಟು, ಬಲ್ಲವರು ತಿಳಿಸಿರಿ: ಆ ಬಟ್ಟಲಿಗೆ ಎಷ್ಟು ಮಾರು ಹಗ್ಗ ಬಿಡುತ್ತಾರೆ?