ಹೊಳೆ ಪಕ್ಕದ ಪಾರ್ಕ್‌ಗೆ ಮಳೆ ನೀರು ನುಗ್ಗುತ್ತೆ, ಏನ್ ಮಾಡ್ಬೋದು?

ಕಪಿಲೆದಡ:
ನಂಜನಗೂಡಲ್ಲಿ ನಮ್ಮನೆ ಹತ್ರ ಹೊಳೆ ದಡದಲ್ಲೊಂದು ಸಣ್ಣ ಪಾರ್ಕ್ ಇದೆ, ಕಬಿನಿ ಡ್ಯಾಮಿಂದ ನೀರು ಬಿಟ್ಟಾಗ ಮುಳುಗುತ್ತೆ ಸರಿ, ಆದ್ರೆ ಒಂದು ಜೋರು ಮಳೆ ಬಂದ್ರೂ ರಸ್ತೆ ನೀರೆಲ್ಲ ಒಳಗೆ ನುಗ್ಗಿ ಜೋಕಾಲಿ ಕೆಳಗೆ ವಾರಗಟ್ಟಲೆ ಕೆಸರು. ಮತ್ತೆ ಕಾಂಕ್ರೀಟ್ ಹಾಕಿಸ್ತೀವಿ ಅಂತಿದಾರೆ. ಬೇರೆ ದಾರಿ ಇದ್ಯಾ?

ಹೊಂಗೆನೆರಳು:
ಎರಡನ್ನೂ ಬೇರೆ ಬೇರೆ ನೋಡಿ ಸಾರ್. ಡ್ಯಾಮ್ ನೀರನ್ನ ಯಾವ ಗಿಡವೂ ತಡೆಯಲ್ಲ, 2018, 2019ರಲ್ಲಿ ನೋಡಿದೀವಲ್ಲ. ರಸ್ತೆ ನೀರಿಗೆ ಉಪಾಯ ಇದೆ, ಅದು ಒಳಗೆ ಬರೋ ಮೂಲೇಲಿ ಒಂದಡಿ ತಗ್ಗು ಮಾಡಿ ಮರಳು, ಗೊಬ್ಬರ ಬೆರೆಸಿ ಲಾವಂಚ ನೆಡಿ. ಒಂದು ದಿನದಲ್ಲಿ ಇಂಗ್ಬೇಕು, ಇಲ್ಲಾಂದ್ರೆ ಸೊಳ್ಳೆ ಕಾಟ. ಮೊದ್ಲು ಗುಂಡಿ ತೋಡಿ ನೀರು ಸುರಿದು ನೋಡಿ.

ಸಿಂಗಾಪುರವಾಸಿ:
ಇಲ್ಲಿ ಬಿಶಾನ್ ಪಾರ್ಕಲ್ಲಿ 2.7 ಕಿ.ಮೀ. ಕಾಂಕ್ರೀಟ್ ಕಾಲುವೆ ಒಡೆದು 3.2 ಕಿ.ಮೀ. ಅಂಕುಡೊಂಕು ಹೊಳೆ ಮಾಡಿದ್ರು, 2012ರಲ್ಲಿ ಮುಗೀತು. ಮಳೆ ಜೋರಾದ್ರೆ ಹುಲ್ಲುಹಾಸೇ ಹೊಳೆ, ಜನ ಮೇಲೆ ಹೋಗ್ಲಿ ಅಂತ ಸೈರನ್ನೂ ಇದೆ.

ಕಪಿಲೆದಡ:
ಸೈರನ್ ಬಿಡಿ, ನಮ್ಮಲ್ಲಿ ಚರಂಡಿ ಪ್ಲಾಸ್ಟಿಕ್ ತೆಗೆಯೋರೇ ಇಲ್ಲ 😀 ಗುಂಡಿ ತೋಡಿ ನಾಲ್ಕು ಬಿಂದಿಗೆ ಸುರಿದೆ, ಜೇಡಿಮಣ್ಣು, ಮಾರನೇ ದಿನವೂ ಹಾಗೇ ನಿಂತಿತ್ತು.

ಹೊಂಗೆನೆರಳು:
ಹಾಗಾದ್ರೆ ತಳಕ್ಕೆ ಜಲ್ಲಿ ಹಾಕಿ ತೂತಿನ ಪೈಪ್ ಕೂರಿಸ್ಲೇಬೇಕು. ಪೈಪ್ ಬಾಯಿ ಹೊಳೆ ಕಡೆ ಇರ್ಲಿ, ಆದ್ರೆ ಹೊಳೆ ಏರಿದಾಗ ವಾಪಸ್ ಬರದ ಹಾಗೆ ಮುಚ್ಚಳ ಇಡ್ಸಿ.