ಯುಗಾದಿ, ಹೊಸತೊಡಕು ಮುಗಿಸಿ ತಕ್ಕಡಿ ಹತ್ತಿದರೆ 2 ಕೆಜಿ ಜಾಸ್ತಿ. ಇದೆಲ್ಲಾ ಕೊಬ್ಬೇನಾ?

ಆರು_ಒಬ್ಬಟ್ಟು ಕೇಳಿದ್ದು:

ಹಬ್ಬದ ಹಿಂದಿನ ಬೆಳಗ್ಗೆ 71.2 ಕೆಜಿ. ಯುಗಾದಿ ಮಧ್ಯಾಹ್ನ ಎಲೆ ತುಂಬ ಊಟ: ಆರು ಕಡಲೆಬೇಳೆ ಒಬ್ಬಟ್ಟು, ಮೇಲೆ ತುಪ್ಪ, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ, ಹಪ್ಪಳ, ಅನ್ನ, ಒಬ್ಬಟ್ಟಿನ ಸಾರು. ರಾತ್ರಿಯೂ ಅದೇ, ಸ್ವಲ್ಪ ಕಮ್ಮಿ. ಮಾರನೇ ದಿನ ಹೊಸತೊಡಕು: ಮಟನ್ ಸಾರು, ಕೈಮ ಉಂಡೆ, ಮುದ್ದೆ, ಆಮೇಲೆ ಅನ್ನ. ಇವತ್ತು ಬೆಳಗ್ಗೆ 73.3.

ಎರಡು ತಿಂಗಳು ಕಷ್ಟಪಟ್ಟು ಇಳಿಸಿದ್ದೇ 3 ಕೆಜಿ. ಅದರಲ್ಲಿ 2.1 ಎರಡೇ ದಿನಕ್ಕೆ ವಾಪಸ್ ಬಂತಾ? ಇದರಲ್ಲಿ ಕೊಬ್ಬೆಷ್ಟು? ಎರಡು ದಿನ ಬರೀ ನೀರು ಕುಡಿದುಕೊಂಡು ಇದ್ದರೆ ಸರಿಹೋಗುತ್ತಾ? ಶುಗರ್, ಬಿಪಿ ಏನೂ ಇಲ್ಲ.

ತಕ್ಕಡಿ_ಬಟ್ಟು:

ಮೊದಲು ಕೊಬ್ಬಿನ ಲೆಕ್ಕ ಮುಗಿಸೋಣ. ಮೈಯಲ್ಲಿ 1 ಕೆಜಿ ಕೊಬ್ಬು ಕೂಡಬೇಕಾದರೆ ದಿನದ ಖರ್ಚಿನ ಮೇಲೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. 2.1 ಕೆಜಿಗೆ 16,000 ದಾಟುತ್ತೆ. ಅಂಗೈ ಅಗಲದ, ಹೂರಣ ತುಂಬಿದ ಒಂದು ಒಬ್ಬಟ್ಟಿಗೆ ಅಂದಾಜು 250 ಹಿಡಿದರೂ 64 ಒಬ್ಬಟ್ಟು. ಅದೂ ಮಾಮೂಲಿ ಊಟ ಅಷ್ಟನ್ನೂ ಮುಗಿಸಿ, ಅದರ ಮೇಲೆ.

ನೀವು ಬರೆದ ಪಟ್ಟಿ ನೋಡಿದರೆ ಹಬ್ಬದ ದಿನ 1,800, ಹೊಸತೊಡಕಿನ ದಿನ 1,000 ಕ್ಯಾಲೊರಿ ಹೆಚ್ಚಾಗಿರಬಹುದು. ಒಟ್ಟು 2,800. ಅಷ್ಟೂ ಕೊಬ್ಬಾಗಿ ಕೂತರೂ 360 ಗ್ರಾಂ. ಅಷ್ಟೂ ಕೂರಲ್ಲ. ಅರಗಿಸೋದಕ್ಕೇ ಒಂದಷ್ಟು ಖರ್ಚಾಗುತ್ತೆ: ಮಾಂಸ, ಬೇಳೆಯ ಪ್ರೋಟೀನಿನಲ್ಲಿ 20ರಿಂದ 30 ಶೇಕಡಾ, ಪಿಷ್ಟ ಮತ್ತು ಸಿಹಿಯಲ್ಲಿ 5ರಿಂದ 10. ತುಪ್ಪದಲ್ಲಿ ಮಾತ್ರ ಹೆಚ್ಚೆಂದರೆ 3, ಅದು ಹೆಚ್ಚುಕಮ್ಮಿ ಬಂದಹಾಗೇ ಕೊಬ್ಬಿನ ಕಣಜ ಸೇರುತ್ತೆ. 300 ಗ್ರಾಂ ಅಂದುಕೊಳ್ಳಿ.

ಉಳಿದ 1.8 ಕೆಜಿ ಎಲ್ಲಿಂದ ಬಂತು ಅಂದರೆ:

ಗ್ಲೈಕೋಜನ್. ಅನ್ನ, ಬೆಲ್ಲ, ಮೈದಾದ ಸಕ್ಕರೆ ಅಂಶವನ್ನು ದೇಹ ಈ ರೂಪದಲ್ಲಿ ಲಿವರ್ ಮತ್ತು ಸ್ನಾಯುಗಳಲ್ಲಿ ತುಂಬಿಡುತ್ತೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಹಿಡಿಯುತ್ತೆ. ಒಂದೊಂದು ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರು ಕಟ್ಟಿಕೊಂಡು ಕೂರುತ್ತೆ. ಎರಡು ತಿಂಗಳಿಂದ ಕಮ್ಮಿ ತಿನ್ನುತ್ತಿದ್ದವರ ಗ್ಲೈಕೋಜನ್ ಕಣಜ ಅರ್ಧಂಬರ್ಧ ಖಾಲಿಯೇ ಇರುತ್ತೆ. 150 ಗ್ರಾಂ ತುಂಬಿತು ಅಂದರೆ ನೀರು ಸೇರಿ 600 ಗ್ರಾಂ. ಡಯಟ್ ಶುರುಮಾಡಿದ ಮೊದಲ ವಾರ ಸರ್ರನೆ ಇಳಿದಿತ್ತಲ್ಲ, ಅದು ಇದೇ ನೀರು, ಈಗ ವಾಪಸ್ ಬಂದಿದೆ.

ಉಪ್ಪು. ರಕ್ತದ ಉಪ್ಪು ಒಂದು ಹದದಲ್ಲೇ ಇರಬೇಕು, ಆಸ್ಪತ್ರೆಯ ಸಲೈನ್ ಬಾಟಲಿಯಲ್ಲಿರೋ ಹಾಗೆ ಲೀಟರಿಗೆ 9 ಗ್ರಾಂ. ಮೂತ್ರಪಿಂಡ ಇನ್ನೂ ಹೊರಹಾಕದ 7 ಗ್ರಾಂ ಉಪ್ಪು ಒಳಗಿದ್ದರೆ ಅದು ಮುಕ್ಕಾಲು ಲೀಟರ್ ನೀರನ್ನು ಹಿಡಿದಿಟ್ಟಿರುತ್ತೆ. 7 ಗ್ರಾಂ ಅಂದರೆ ಒಂದೂಕಾಲು ಟೀ ಚಮಚ. ಹಪ್ಪಳ, ಉಪ್ಪಿನಕಾಯಿ, ಎರಡು ಹೊತ್ತಿನ ಸಾರು, ಮಟನ್ ಸಾರು ಸೇರಿದರೆ ಅದೇನೂ ದೊಡ್ಡ ಮಾತಲ್ಲ. ಸಿಹಿ ಹೆಚ್ಚಾದಾಗ ಏರುವ ಇನ್ಸುಲಿನ್ ಕೂಡ ಮೂತ್ರಪಿಂಡಕ್ಕೆ ಉಪ್ಪು ಬಿಡಬೇಡ ಅಂತ ಹೇಳುತ್ತೆ. ಉಂಗುರ ಬಿಗಿ ಅನ್ನಿಸೋದು, ಬೆಳಗ್ಗೆ ರೆಪ್ಪೆ ಊದಿಕೊಳ್ಳೋದು ಇದರಿಂದಲೇ.

ಮಿಕ್ಕ 400-450 ಗ್ರಾಂ ಇನ್ನೂ ಹೊಟ್ಟೆ, ಕರುಳಲ್ಲೇ ಇರೋ ಊಟ. ತಿಂದದ್ದು ಪೂರ್ತಿ ಹೊರಹೋಗೋದಕ್ಕೆ ಒಂದರಿಂದ ಮೂರು ದಿನ ಬೇಕು.

0.3, 0.6, 0.75, 0.45. ಕೂಡಿಸಿದರೆ 2.1. ಒಪ್ಪಿಕೊಳ್ತೀನಿ, ನಿಮ್ಮ ಸಂಖ್ಯೆಗೆ ಸರಿಹೋಗೋ ಹಾಗೆ ಕೂಡಿಸಿದ್ದು. ಯಾವುದಕ್ಕೆ ಎಷ್ಟು ಅನ್ನೋದು ಆಚೀಚೆ ಆಗಬಹುದು, ಕೊಬ್ಬಿನ ಪಾಲು ಮಾತ್ರ ಇದರ ಮೇಲೆ ಹೋಗಲ್ಲ.

ಹಳೇಬೇರು:

ಲಂಘನಂ ಪರಮೌಷಧಂ, ಉಪವಾಸವೇ ದೊಡ್ಡ ಔಷಧಿ. ಎರಡು ದಿನ ಬಿಸಿನೀರು, ನಿಂಬೆ, ಜೇನು. ಅಷ್ಟೇ.

ಸೊಪ್ಪಿನಸಾರು:

@ಹಳೇಬೇರು ಲಂಘನ ಹೇಳಿರೋದು ಜ್ವರಕ್ಕೆ, ಅಜೀರ್ಣಕ್ಕೆ. ಹೊಟ್ಟೆ ಭಾರ ಇದ್ದು ಹಸಿವೇ ಇಲ್ಲ ಅಂದರೆ ಒಂದು ಹೊತ್ತು ಬಿಡಲಿ, ತಪ್ಪಿಲ್ಲ. ತೂಕ ಇಳಿಸೋದಕ್ಕೆ ಅಂತ ಎರಡು ದಿನ ಬಿಟ್ಟರೆ ಆಗೋದೇ ಬೇರೆ. ಇನ್ನು ಜೇನು ಕೊಬ್ಬು ಕರಗಿಸಲ್ಲ: ಒಂದು ದೊಡ್ಡ ಚಮಚಕ್ಕೆ ಅದೇ 60 ಚಿಲ್ಲರೆ ಕ್ಯಾಲೊರಿ.

@ಆರು_ಒಬ್ಬಟ್ಟು, ಎರಡು ದಿನ ನೀರಲ್ಲೇ ಇದ್ದರೆ ತಕ್ಕಡಿ ಖಂಡಿತಾ ಇಳಿಯುತ್ತೆ. ಇಳಿಯೋದರಲ್ಲಿ ಹೆಚ್ಚಿನ ಪಾಲು ಮೇಲೆ ಹೇಳಿದ ಗ್ಲೈಕೋಜನ್ನು, ನೀರು. ಮತ್ತೆ ಊಟ ಶುರುಮಾಡಿದ ದಿನ ಅಷ್ಟೂ ವಾಪಸ್ ಬರುತ್ತೆ. ಅದಕ್ಕಿಂತ ಮುಂಚೆ ಎರಡನೇ ದಿನ ಸಂಜೆ ಆರರ ಹೊತ್ತಿಗೆ ಡಬ್ಬಿಯಲ್ಲಿರೋ ಆಂಬೊಡೆ ಕೂಗೋದಕ್ಕೆ ಶುರುಮಾಡುತ್ತೆ. ಖಾಲಿ ಹೊಟ್ಟೆಗೆ ನಾಲ್ಕು ಹೋದಮೇಲೆ 'ಹೇಗೂ ಕೆಟ್ಟಿತು, ಸೋಮವಾರದಿಂದ ನೋಡೋಣ' ಅನ್ನೋ ಮಾತು ಬರುತ್ತೆ. ಒಂದು ದಿನದ ಊಟ ಒಂದು ವಾರಕ್ಕೆ ಹಬ್ಬೋದು ಈ ಒಂದು ಮಾತಿನಿಂದ. ಹೊಟ್ಟೆ ತುಂಬ ಉಂಡವರಿಗಿಂತ ಮಾರನೇ ದಿನ ಉಪವಾಸ ಬಿದ್ದವರೇ ಹೆಚ್ಚು ಎಡವೋದು ಅಂತ ನನ್ನ ಅಭಿಪ್ರಾಯ.

ಮೂರು ದಿನಕ್ಕೆ ಹೀಗೆ ಮಾಡಿ. ಮೂರು ಹೊತ್ತೂ ಊಟ ಇರಲಿ, ನೀವು ಇಳಿಸುತ್ತಿದ್ದಾಗ ಏನು ತಿನ್ನುತ್ತಿದ್ದಿರೋ ಅದೇ. ಅದಕ್ಕಿಂತ ಕಮ್ಮಿ ಮಾಡಬೇಡಿ. ಮಧ್ಯಾಹ್ನ 80 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ, ಎರಡು ಸೌಟು ಸೊಪ್ಪಿನ ಸಾರು ಅಥವಾ ಹೆಸರುಕಾಳು ಬಸ್ಸಾರು. ಮುದ್ದೆ ತೊಳಸೋದಕ್ಕೆ ಉಪ್ಪು ಹಾಕಬೇಡಿ, ಸಾರಲ್ಲಿರೋದು ಸಾಕು. ಮಜ್ಜಿಗೆ ಕುಡಿಯಿರಿ, ಉಪ್ಪಿಲ್ಲದೆ, ಶುಂಠಿ ಕರಿಬೇವು ಹಾಕಿ. ಹಪ್ಪಳ, ಉಪ್ಪಿನಕಾಯಿ, ಸಂಡಿಗೆ ಮೂರು ದಿನ ಮೇಲಿನ ಶೆಲ್ಫಿಗೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತೆ. ನಮ್ಮ ಅಡುಗೆಮನೆಯಲ್ಲಿ ಅದನ್ನು ಮೀರೋದು ಬಹಳ ಸುಲಭ.

ನೀರು ಬಾಯಾರಿದಷ್ಟು ಕುಡಿಯಿರಿ. 'ನೀರು ಹಿಡಿದಿದೆ' ಅಂತ ಕುಡಿಯೋದನ್ನ ಕಮ್ಮಿ ಮಾಡಿದರೆ ಮಲಬದ್ಧತೆ ಆಗಿ ಆ 450 ಗ್ರಾಂ ಇನ್ನೆರಡು ದಿನ ಕೂರುತ್ತೆ. ಊಟ ಆದಮೇಲೆ 15 ನಿಮಿಷ ನಡೆಯಿರಿ. ತಿಂದದ್ದನ್ನೆಲ್ಲ ಸುಡ್ತೀನಿ ಅಂತ ಎರಡು ಗಂಟೆ ಓಡಬೇಡಿ. ಅಭ್ಯಾಸವಿಲ್ಲದ ಓಟಕ್ಕೆ ಸ್ನಾಯು ನೊಂದು ಊದಿದರೆ ಅಲ್ಲೂ ನೀರು ನಿಂತು ತಕ್ಕಡಿ ಇನ್ನೂ ಮೇಲೇ ತೋರಿಸುತ್ತೆ.

ಭೇದಿ ಮಾತ್ರೆ, ಮೂತ್ರ ಹೆಚ್ಚಿಸೋ ಮಾತ್ರೆ ಮುಟ್ಟಲೇಬೇಡಿ. ಕ್ಯಾಲೊರಿ ಹೀರಿಕೊಳ್ಳೋದು ಸಣ್ಣ ಕರುಳು. ಭೇದಿ ಮಾತ್ರೆ ಕೆಲಸ ಮಾಡೋದು ಬಹುಪಾಲು ಅದರ ನಂತರದ ದೊಡ್ಡ ಕರುಳಲ್ಲಿ. ಹೋಗೋದು ನೀರು, ಪೊಟ್ಯಾಸಿಯಂ. ಕೊಬ್ಬು ಇದ್ದಲ್ಲೇ ಇರುತ್ತೆ.

ಆರು_ಒಬ್ಬಟ್ಟು:

ತುಂಬ ಥ್ಯಾಂಕ್ಸ್. ಆದರೆ ಒಂದು ವಿಚಿತ್ರ. ನನ್ನ ತಕ್ಕಡಿ ಕೊಬ್ಬಿನ ಶೇಕಡಾವಾರೂ ತೋರಿಸುತ್ತೆ. ಹಬ್ಬಕ್ಕೆ ಮುಂಚೆ 28.4 ಇತ್ತು, ಇವತ್ತು 27.6! ತಿಂದು ಕೊಬ್ಬು ಇಳೀತಾ? ತಕ್ಕಡಿಯೇ ಕೆಟ್ಟಿರಬಹುದಾ?

ತಕ್ಕಡಿ_ಬಟ್ಟು:

ಕೆಟ್ಟಿಲ್ಲ. ಅದು ಕೊಬ್ಬನ್ನು ಅಳೆಯೋದೇ ಇಲ್ಲ, ಊಹೆ ಮಾಡುತ್ತೆ. ಅಂಗಾಲಿನ ಕೆಳಗಿನ ಲೋಹದ ಪಟ್ಟಿಗಳಿಂದ ಸಣ್ಣ ವಿದ್ಯುತ್ ಹಾಯಿಸಿ ಎಷ್ಟು ತಡೆ ಇದೆ ನೋಡುತ್ತೆ. ನೀರಿರೋ ಕಡೆ ಸಲೀಸಾಗಿ ಹರಿಯುತ್ತೆ, ಕೊಬ್ಬಲ್ಲಿ ಹರಿಯಲ್ಲ. ಮೈಯಲ್ಲಿ ನೀರು ಹೆಚ್ಚಾದರೆ ತಡೆ ಕಮ್ಮಿ, ಹಾಗಾಗಿ 'ಕೊಬ್ಬು ಕಮ್ಮಿ' ಅನ್ನುತ್ತೆ. ಕಾಲು ತೊಳೆದು ಒರೆಸದೆ ನಿಂತರೂ ಸಂಖ್ಯೆ ಬದಲಾಗುತ್ತೆ. ನಿಮ್ಮ 27.6 ಒಂದು ರೀತಿಯಲ್ಲಿ ಸಾಕ್ಷಿಯೇ, ಏರಿದ್ದು ಹೆಚ್ಚಾಗಿ ನೀರು.

ತಕ್ಕಡಿ ಪರೀಕ್ಷೆ ಮಾಡಬೇಕಂದರೆ: ಟೈಲ್ಸಿನ ನಟ್ಟನಡುವೆ ಇಡಿ. ಎರಡು ಟೈಲ್ಸಿನ ಸಂದಿಯ ಮೇಲೆ ತಕ್ಕಡಿಯ ಒಂದು ಕಾಲು ಕೂತರೆ ಅದು ಕಣ್ಣಿಗೆ ಕಾಣದಷ್ಟು ಓಲಾಡುತ್ತೆ, ಅರ್ಧ ಕೆಜಿ ತಪ್ಪು ಅಲ್ಲೇ. ಚಾಪೆ, ಕಾರ್ಪೆಟ್ ಬೇಡ. ನೀವು ಒಬ್ಬರೇ ನಿಂತು ನೋಡಿ, ಆಮೇಲೆ ಒಡೆಯದ 5 ಕೆಜಿ ಹಿಟ್ಟಿನ ಚೀಲ ಹಿಡಿದು ನಿಂತು ನೋಡಿ. ವ್ಯತ್ಯಾಸ 5ರ ಹತ್ತಿರ ಬರಬೇಕು. ಚೀಲವನ್ನು ಮಾತ್ರ ನೆಲದ ತಕ್ಕಡಿಯ ಮೇಲಿಟ್ಟರೆ ಆಗಲ್ಲ, ಬಹಳ ತಕ್ಕಡಿಗಳು ಕಮ್ಮಿ ಭಾರಕ್ಕೆ ಸರಿಯಾಗಿ ಓದಲ್ಲ. ಇನ್ನೊಂದು ಚಾಲಾಕಿತನ ಕೆಲವು ಡಿಜಿಟಲ್ ತಕ್ಕಡಿಗಳಲ್ಲಿದೆ: ಇಳಿದು ಮತ್ತೆ ಹತ್ತಿದಾಗ ವ್ಯತ್ಯಾಸ ಸಣ್ಣದಿದ್ದರೆ ಹಿಂದಿನ ಸಂಖ್ಯೆಯನ್ನೇ ಮತ್ತೆ ತೋರಿಸುತ್ತೆ. ನಡುವೆ ಒಮ್ಮೆ ಚೀಲ ಹಿಡಿದು ಹತ್ತಿದರೆ ಆ ನೆನಪು ಅಳಿಯುತ್ತೆ.

ತೂಗೋ ಹೊತ್ತು: ಎದ್ದು, ಶೌಚ ಮುಗಿಸಿ, ಕಾಫಿಗೆ ಮುಂಚೆ, ಒಂದೇ ತರಹದ ಬಟ್ಟೆಯಲ್ಲಿ. ರಾತ್ರಿ ತೂಕಕ್ಕೂ ಬೆಳಗಿನ ತೂಕಕ್ಕೂ ಒಂದು ಕೆಜಿ ಫರಕು ಬರೋದು ಮಾಮೂಲು.

ಇನ್ನು ಇವತ್ತೂ ಸೇರಿ ಏಳು ಬೆಳಗ್ಗೆ ಹೀಗೇನೋ ಕಾಣಬಹುದು: 73.3, 73.0, 72.4, 71.9, 71.6, 71.5, 71.4. ಇದರ ಸರಾಸರಿ ತೆಗೆದರೆ 72.2 ಬರುತ್ತೆ, 'ಒಂದು ಕೆಜಿ ಏರಿದೆ' ಅಂತ ಮತ್ತೆ ಹೆದರಬೇಡಿ, ಈ ವಾರದ ಸರಾಸರಿಯಲ್ಲಿ ಮೊದಲ ಮೂರು ದಿನದ ನೀರು ಸೇರಿಕೊಂಡಿದೆ. ಹಬ್ಬದ ಮುಂಚಿನ ವಾರವನ್ನು ಹೋಲಿಸಬೇಕಾದ್ದು ಮುಂದಿನ ವಾರದ ಸರಾಸರಿಗೆ. ಕೆಲವರಿಗೆ ತೂಕ ಮಾರನೇ ಬೆಳಗ್ಗೆಗಿಂತ ಎರಡನೇ ಬೆಳಗ್ಗೆ ಹೆಚ್ಚು ಕಾಣುತ್ತೆ. ಹೊಸತೊಡಕಿನ ಜೊತೆ ಗುಂಡು ಹಾಕಿದ್ದರಂತೂ ಹೀಗಾಗೋದೇ ಹೆಚ್ಚು: ಮದ್ಯ ಮೊದಲು ಮೂತ್ರ ಹೆಚ್ಚಿಸಿ ನೀರು ಕಳೆಯುತ್ತೆ, ಮರುದಿನ ದೇಹ ಅದನ್ನು ತುಂಬಿಕೊಳ್ಳುತ್ತೆ. 60 ಎಂಎಲ್ ವಿಸ್ಕಿಗೆ ಸುಮಾರು 140 ಕ್ಯಾಲೊರಿ ಅನ್ನೋದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬಿಳಿಕೋಟು:

ಇಲ್ಲಿರೋ ಲೆಕ್ಕ ಸರಿ, ಆದರೆ ಓದುವವರೆಲ್ಲ ಪ್ರಶ್ನೆ ಕೇಳಿದವರ ಹಾಗೆ ಆರೋಗ್ಯವಾಗಿರಲ್ಲ. ಅದಕ್ಕೆ ಇಷ್ಟು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಇರುವ ಮಾತ್ರೆ ತಗೊಳ್ಳುವವರು ಹಬ್ಬದ ಮಾರನೇ ದಿನ ಊಟ ಬಿಟ್ಟು ಔಷಧಿ ಮಾತ್ರ ತಗೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ಕೈನಡುಕ, ಮಂಕು ಬಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ.

ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ 'ಹಬ್ಬದ ನೀರು' ಅಂತ ಕೂರಬಾರದು. ಕಣಕಾಲಿನ ಮೇಲೆ ಹೆಬ್ಬೆರಳಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಅವತ್ತೇ ವೈದ್ಯರನ್ನು ಕಾಣಿ. ಮುಟ್ಟಿನ ಮುಂಚಿನ ವಾರದಲ್ಲಿರೋ ಹೆಣ್ಣುಮಕ್ಕಳಿಗೆ ಹಬ್ಬವಿಲ್ಲದೆಯೂ ಒಂದೆರಡು ಕೆಜಿ ನೀರು ನಿಲ್ಲಬಹುದು, ಮುಟ್ಟು ಶುರುವಾದಮೇಲೆ ಇಳಿಯುತ್ತೆ.

ಕೊನೆಯದು. ಎಲೆ ಮುಂದೆ ಕೂತು ಎಲ್ಲರ ಜೊತೆ ಹೆಚ್ಚಿಗೆ ಉಣ್ಣೋದು ರೋಗವಲ್ಲ. ಕದ್ದು, ಗಬಗಬ, ನಿಲ್ಲಿಸಬೇಕು ಅಂದರೂ ನಿಲ್ಲಿಸಲಾಗದೆ ತಿನ್ನೋದು ವಾರಕ್ಕೊಮ್ಮೆಯಾದರೂ, ಮೂರು ತಿಂಗಳಿಂದ ನಡೆಯುತ್ತಿದ್ದರೆ, ಅಥವಾ ತಿಂದದ್ದನ್ನು ಬೆರಳಿಟ್ಟು ವಾಂತಿ ಮಾಡೋ ಮಟ್ಟಕ್ಕೆ ಬಂದಿದ್ದರೆ, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆರು_ಒಬ್ಬಟ್ಟು:

ಗುಳಿ ಬೀಳಲ್ಲ, ಕದ್ದೂ ತಿಂದಿಲ್ಲ 🙂 ಹಿಟ್ಟಿನ ಚೀಲದ ಪರೀಕ್ಷೆಯಲ್ಲಿ 5.1 ಬಂತು. ಇನ್ನೊಂದೇ ಪ್ರಶ್ನೆ. ಫ್ರಿಜ್ಜಲ್ಲಿ ಇನ್ನೂ ಹನ್ನೊಂದು ಒಬ್ಬಟ್ಟು ಇದೆ. ಏನು ಮಾಡಲಿ?

ಸೊಪ್ಪಿನಸಾರು:

ನೀವು ಇದನ್ನೇ ಮೊದಲು ಕೇಳಬೇಕಿತ್ತು! 11 × 250 = 2,750. ಎರಡು ದಿನದ ಹಬ್ಬದಲ್ಲಿ ನೀವು ಒಟ್ಟು ಹೆಚ್ಚಿಗೆ ತಿಂದಷ್ಟೇ ಆ ಡಬ್ಬಿಯಲ್ಲಿ ಕೂತಿದೆ. ಊಟದ ಮೇಲೆ ಒಂದು, ಕಾಫಿ ಜೊತೆ ಅರ್ಧ ಅಂತ ಹೋದರೆ ಯಾರೂ ಅದನ್ನ ಹಬ್ಬದೂಟ ಅಂತ ಲೆಕ್ಕ ಹಾಕಲ್ಲ.

ಅಮೆರಿಕದಲ್ಲಿ 195 ಜನರ ತೂಕ ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ನವೆಂಬರ್ ನಡುವಿನಿಂದ ಜನವರಿ ಶುರುವಿನ ತನಕ, ಅವರ ಹಬ್ಬದ ಕಾಲದಲ್ಲಿ, ಸರಾಸರಿ ಏರಿದ್ದು ಬರೀ 0.37 ಕೆಜಿ. ಆದರೆ ಅದು ಆಮೇಲೆ ಇಳಿಯಲಿಲ್ಲ. ಗಮನಕ್ಕೇ ಬಾರದಷ್ಟು ಸಣ್ಣದು, ಹಾಗಾಗಿ ಯಾರೂ ಇಳಿಸೋಕೂ ಹೋಗಲ್ಲ.

ಐದು ಇವತ್ತೇ ಪಕ್ಕದ ಮನೆಗೆ, ಆಫೀಸಿಗೆ. ಉಳಿದ ಆರು ಫ್ರೀಜರ್‌ಗೆ: ನಡುನಡುವೆ ಬಟರ್ ಪೇಪರ್ ಇಟ್ಟು, ಎರಡೆರಡಾಗಿ ಸುತ್ತಿ, ಗಾಳಿ ಹೋಗದ ಡಬ್ಬಿಯಲ್ಲಿ. ಒಂದು ತಿಂಗಳಿಗೆ ತೊಂದರೆ ಇಲ್ಲ. ಬೇಕಾದ ದಿನ ಒಂದು ತೆಗೆದು ಅರ್ಧ ಗಂಟೆ ಹೊರಗಿಟ್ಟು, ಎಣ್ಣೆ ಸವರದ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ. ಅವತ್ತು ಎರಡು ಚಪಾತಿ ಬಿಡಿ, ಲೆಕ್ಕ ಸರಿಹೋಗುತ್ತೆ. ತುಪ್ಪ ಟೀ ಚಮಚದಲ್ಲಿ ಒಂದು, ಅದು 45 ಕ್ಯಾಲೊರಿ. ಸೌಟಿಂದ ಸುರಿದರೆ ಯಾವ ಲೆಕ್ಕವೂ ನಿಲ್ಲಲ್ಲ.

ಒಬ್ಬಟ್ಟಿನ ಸಾರು ಉಳಿದಿದ್ದರೆ ಅದನ್ನೂ ನೋಡಿಕೊಳ್ಳಿ. ದಿನಾ ಕುದಿಸಿ ಕುದಿಸಿ ರುಚಿ ಹೆಚ್ಚುತ್ತೆ ನಿಜ, ಆದರೆ ನೀರು ಆವಿಯಾಗಿ ಉಪ್ಪು ಉಳಿಯುತ್ತೆ. ಬಿಸಿ ಮಾಡುವಾಗ ಒಂದು ಲೋಟ ನೀರು ಹೊಯ್ಯಿರಿ.